ಸಿಇಟಿಗೆ ಪರಮಾಣು ರಚನೆ ಓದಿದ್ದು ಹೀಗೆ

ಸಿಇಟಿ ಕೆಮಿಸ್ಟ್ರಿಗೆ ಓದುವವರಲ್ಲಿ ಜಾಸ್ತಿ ಜನ ಸೆಕೆಂಡ್ ಪಿಯು ಪಾಠಗಳನ್ನೇ ಹಿಡಿದು ಕೂರುತ್ತಾರೆ. ಬೋರ್ಡ್ ಪರೀಕ್ಷೆಗೂ ಅದೇ ಬೇಕು, ಸಿಇಟಿಗೂ ಅದೇ ಬೇಕು. ಫಸ್ಟ್ ಪಿಯು ಪುಸ್ತಕ ಆ ಹೊತ್ತಿಗೆ ಟ್ರಂಕಿನ ತಳ ಸೇರಿರುತ್ತದೆ. ಆದರೆ ಸಿಇಟಿಯಲ್ಲಿ ಎರಡೂ ವರ್ಷದ ಪಾಠಗಳಿಂದ ಪ್ರಶ್ನೆ ಬರುತ್ತವೆ. ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ.

ಪರಮಾಣು ರಚನೆ ಫಸ್ಟ್ ಪಿಯು ಕೆಮಿಸ್ಟ್ರಿಯ ಎರಡನೇ ಪಾಠ. ಅದರಿಂದ ನೇರವಾಗಿ ಬರುವ ಪ್ರಶ್ನೆಗಳು ಕೆಲವೇ. ಅದಕ್ಕೇ ಹುಡುಗರು ಅದನ್ನು ಬಿಟ್ಟುಬಿಡುತ್ತಾರೆ. ಆದರೆ ಆವರ್ತ ಕೋಷ್ಟಕ, ರಾಸಾಯನಿಕ ಬಂಧ, ಡಿ ಬ್ಲಾಕ್ ಧಾತುಗಳು, ಕೋಆರ್ಡಿನೇಷನ್ ಸಂಯುಕ್ತಗಳು ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಕಬ್ಬಿಣದ ಅಯಾನಿನಲ್ಲಿ ಜೋಡಿಯಾಗದ ಎಲೆಕ್ಟ್ರಾನ್ ಎಷ್ಟಿವೆ ಅಂತ ಗೊತ್ತಾಗದೆ ಅದರ ಕಾಂತೀಯ ಗುಣ ಲೆಕ್ಕ ಹಾಕುವುದು ಹೇಗೆ? ಹಾಗಾಗಿ ನಾನು ಸಿಇಟಿ ತಯಾರಿ ಶುರು ಮಾಡಿದ್ದೇ ಈ ಪಾಠದಿಂದ. ಉಳಿದ ಯಾವ ಪಾಠಕ್ಕೂ ಇಷ್ಟು ಸಮಯ ಕೊಡಲಿಲ್ಲ.

ನಾನು ಬಂಗಾರಪೇಟೆ ಕಡೆಯ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ. ಪಿಯುಗೆ ಕೋಲಾರಕ್ಕೆ ಬಂದು ಹಾಸ್ಟೆಲ್ ಸೇರಿದೆ. ಅಪ್ಪ ಟೊಮೆಟೊ ಬೆಳೆದು ಕೋಲಾರದ ಎಪಿಎಂಸಿಗೆ ಹಾಕುತ್ತಾರೆ. ನನಗೆ ತೋಟಗಾರಿಕೆ ಓದುವ ಆಸೆ. ಆ ಸೀಟಿಗೂ ಸಿಇಟಿಯೇ ದಾರಿ. ಬೆಂಗಳೂರಿಗೆ ಹೋಗಿ ಕೋಚಿಂಗ್ ತಗೊಳ್ಳುವಷ್ಟು ಅನುಕೂಲ ಮನೆಯಲ್ಲಿ ಇರಲಿಲ್ಲ. ಕಾಲೇಜಿನ ಕೆಮಿಸ್ಟ್ರಿ ಮೇಡಂ, ಎನ್‌ಸಿಇಆರ್‌ಟಿ ಪುಸ್ತಕ, ಸೀನಿಯರ್‌ಗಳು ಬಿಟ್ಟುಹೋದ ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು, ಇವಿಷ್ಟೇ ನನ್ನ ಕೋಚಿಂಗ್.

ಹಾಸ್ಟೆಲಿನಲ್ಲಿ ಎಲ್ಲರ ಮಂಚದ ಪಕ್ಕದ ಗೋಡೆಯ ಮೇಲೂ ಒಂದೊಂದು ಸೂತ್ರಗಳ ಪಟ್ಟಿ ಅಂಟಿಸಿರುತ್ತಿತ್ತು. ಈ ಪಾಠದಲ್ಲಿ ಸೂತ್ರಗಳಿಗೇನೂ ಬರವಿಲ್ಲ. ಆದರೆ ಎಲ್ಲದರಲ್ಲೂ ಅದೇ ಎಚ್, ಅದೇ ಎನ್, ಅದೇ ಝಡ್. ನಾಲ್ಕು ದಿನ ನೋಡದಿದ್ದರೆ ಒಂದಕ್ಕೊಂದು ಕಲಸಿಹೋಗುತ್ತವೆ. ಮೇಡಂ ಹತ್ತಿರ ಇದನ್ನು ಹೇಳಿಕೊಂಡಾಗ ಅವರು ಒಂದು ಕೆಲಸ ಕೊಟ್ಟರು. "ನೋಡಮ್ಮಾ, ಸೂತ್ರ ಆಮೇಲೆ. ಈ ಪಾಠದಲ್ಲಿ ಇರೋ ಒಂದೊಂದು ಅಂಕಿನೂ ಯಾರೋ ಅಳೆದು ತಂದಿದ್ದು. ಯಾರು, ಯಾವ ವಸ್ತು ಇಟ್ಕೊಂಡು ಅಳೆದ್ರು ಅಂತ ಬರ್ಕೊಂಡು ಬಾ. ಆಗೋದಾದ್ರೆ ನೀನೂ ಅಳೆದು ನೋಡು" ಅಂದರು.

ನಾನು ಓದಿದ ರೀತಿ ಬದಲಾಗಿದ್ದು ಅಲ್ಲಿಂದ.

ಮೊದಲು ಎಲೆಕ್ಟ್ರಾನಿನ ತೂಕ. ಪುಸ್ತಕದಲ್ಲಿ 9.1 × 10⁻³¹ ಕಿಲೋಗ್ರಾಂ ಅಂತ ಇದೆ. ಇಷ್ಟು ಸಣ್ಣದನ್ನು ಯಾವ ತಕ್ಕಡಿಯಲ್ಲಿ ಇಟ್ಟರು? ಯಾರೂ ತೂಗಲಿಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ ಕ್ಯಾಥೋಡ್ ಕಿರಣವನ್ನು (ಅದು ಎಲೆಕ್ಟ್ರಾನುಗಳ ಹರಿವು) ವಿದ್ಯುತ್ ಕ್ಷೇತ್ರದಿಂದಲೂ ಕಾಂತಕ್ಷೇತ್ರದಿಂದಲೂ ಬಾಗಿಸಿ, ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಅದರ ರಾಶಿಯಿಂದ ಭಾಗಿಸಿದರೆ ಎಷ್ಟು ಬರುತ್ತದೆ ಅನ್ನುವುದನ್ನು ಮಾತ್ರ ಕಂಡುಹಿಡಿದರು. ಈಗ ನಾವು ಬಳಸುವ ಬೆಲೆ ಒಂದು ಕಿಲೋಗ್ರಾಂಗೆ 1.759 × 10¹¹ ಕೂಲಂಬ್. ಆವೇಶ ಎಷ್ಟು ಅನ್ನುವುದು ಆಮೇಲೆ ಮಿಲಿಕನ್ ಅವರ ಎಣ್ಣೆ ಹನಿ ಪ್ರಯೋಗದಿಂದ ಸಿಕ್ಕಿತು. ಅದು 1.602 × 10⁻¹⁹ ಕೂಲಂಬ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ತೂಕ ಬರಬೇಕು. ನೋಟ್‌ಬುಕ್ಕಿನಲ್ಲಿ ಕೈಯಾರೆ ಭಾಗಿಸಿದೆ. 1.602 ಭಾಗಿಸು 1.759 ಅಂದರೆ 0.911. ಘಾತಗಳನ್ನು ಸರಿಮಾಡಿದೆ. 9.11 × 10⁻³¹. ಪುಸ್ತಕದಲ್ಲಿ ಇದ್ದದ್ದೇ ಬಂತು. ಆ ಅಂಕಿ ಆಮೇಲೆ ಯಾವತ್ತೂ ಮರೆತಿಲ್ಲ.

ರುದರ್‌ಫೋರ್ಡ್ ಪ್ರಯೋಗ ಎಲ್ಲರಿಗೂ ಗೊತ್ತು, ಹೈಸ್ಕೂಲಿನಲ್ಲೇ ಓದಿರುತ್ತೇವೆ. ಆದರೆ ನಮ್ಮ ಕಡೆಯವರಿಗೆ ಅದು ಸ್ವಲ್ಪ ಬೇರೆಯೇ ಥರ ಕಾಣುತ್ತದೆ, ಯಾಕೆಂದರೆ ಅಲ್ಲಿ ಬಳಸಿದ್ದು ಚಿನ್ನ. ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು, ಅಂದರೆ ಧನ ಆವೇಶದ ಸಣ್ಣ ಕಣಗಳನ್ನು, ಹಾಯಿಸಿ ಅವು ಎತ್ತ ಹೋಗುತ್ತವೆ ಅಂತ ನೋಡಿದರು. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚುವವರೆಗೂ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಓಡಾಡಿದರು. ಚಿನ್ನ ಅಂದರೆ ನಮ್ಮನೆಯಲ್ಲಿ ಒಡವೆಗಿಂತ ಮೊದಲು ನೆನಪಾಗುವುದು ಕಲ್ಲು, ಶಿಫ್ಟು, ಕೆಮ್ಮು. ಅದೇ ಚಿನ್ನದ ಹಾಳೆಯಿಂದ ಪರಮಾಣುವಿನ ಒಳಗು ಗೊತ್ತಾಯಿತು ಅನ್ನುವುದು ನನಗೆ ತುಂಬ ಹತ್ತಿರದ ವಿಷಯ ಅನ್ನಿಸಿತು.

ಚಿನ್ನವನ್ನೇ ಯಾಕೆ ಆರಿಸಿದರು? ಬಡಿದು ಬಡಿದು ಅಷ್ಟು ತೆಳುವಾಗಿಸಬಹುದಾದ ಲೋಹ ಅದು. ಜೊತೆಗೆ ಅದರ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನ್ ಇವೆ. ಆಲ್ಫಾ ಕಣವನ್ನು ಹಿಂದಕ್ಕೆ ತಳ್ಳಲು ಬೇಕಾದಷ್ಟು ಬಲ ಇದೆ. ಪುಸ್ತಕದಲ್ಲಿ ಹಾಳೆಯ ದಪ್ಪ ಸುಮಾರು 100 ನ್ಯಾನೋಮೀಟರ್ ಅಂತ ಕೊಟ್ಟಿದ್ದಾರೆ. ಮೇಡಂ ಹೇಳಿದ್ದರಲ್ಲ, ಅಳೆದು ನೋಡು ಅಂತ. ಚಿನ್ನದ ಒಂದು ಪರಮಾಣುವಿನ ಅಡ್ಡಗಲ ಸುಮಾರು 0.29 ನ್ಯಾನೋಮೀಟರ್. ಭಾಗಿಸಿದರೆ ಮುನ್ನೂರಕ್ಕೂ ಜಾಸ್ತಿ ಪದರ ಬರುತ್ತದೆ. ಒಂದರ ಹಿಂದೆ ಒಂದು ಮುನ್ನೂರು ಪರಮಾಣು ನಿಂತಿದ್ದರೂ ಆಲ್ಫಾ ಕಣಗಳಲ್ಲಿ ಬಹುಪಾಲು ಏನೂ ಅಡ್ಡ ಬಂದೇ ಇಲ್ಲ ಅನ್ನುವ ಹಾಗೆ ನೇರವಾಗಿ ಆಚೆ ಹೋದವು! ವಾಪಸ್ ಚಿಮ್ಮಿದ್ದು ಸುಮಾರು 20,000ದಲ್ಲಿ ಒಂದು. ಈ ಲೆಕ್ಕ ಹಾಕುವವರೆಗೆ "ಪರಮಾಣುವಿನಲ್ಲಿ ಹೆಚ್ಚಿನದು ಖಾಲಿ ಜಾಗ" ಅನ್ನುವ ವಾಕ್ಯ ನನಗೆ ಬರೀ ವಾಕ್ಯವಾಗಿತ್ತು.

ಈ ಕೆಲಸ ಮಾಡಿದವರು ಗೈಗರ್ ಮತ್ತು ಮಾರ್ಸ್‌ಡೆನ್, ಮ್ಯಾಂಚೆಸ್ಟರ್‌ನಲ್ಲಿ. 1909ರಲ್ಲಿ ಮಾರ್ಸ್‌ಡೆನ್ ಇನ್ನೂ ವಿದ್ಯಾರ್ಥಿ, ಇಪ್ಪತ್ತರ ಹುಡುಗ. ಕತ್ತಲೆ ಕೋಣೆಯಲ್ಲಿ ಕೂತು ಝಿಂಕ್ ಸಲ್ಫೈಡ್ ಪರದೆಯ ಮೇಲೆ ಬೀಳುವ ಸಣ್ಣ ಸಣ್ಣ ಮಿಂಚುಗಳನ್ನು ಕಣ್ಣಿಂದಲೇ ಎಣಿಸುವುದು ಕೆಲಸ. ರುದರ್‌ಫೋರ್ಡ್ 1911ರಲ್ಲಿ ಅದಕ್ಕೆ ಅರ್ಥ ಹೇಳಿದರು. ಪರಮಾಣುವಿನ ಅಳತೆ 10⁻¹⁰ ಮೀಟರ್, ನ್ಯೂಕ್ಲಿಯಸ್ಸಿನದು 10⁻¹⁵ ಮೀಟರ್. ಅಂದರೆ ಲಕ್ಷ ಪಟ್ಟು. ನೋಟ್‌ಬುಕ್ಕಿನಲ್ಲಿ ನ್ಯೂಕ್ಲಿಯಸ್ಸನ್ನು 1 ಮಿಲಿಮೀಟರ್ ಚುಕ್ಕೆಯಾಗಿ ಇಟ್ಟರೆ ಪರಮಾಣುವಿನ ಅಡ್ಡಗಲ 100 ಮೀಟರ್ ಬರಬೇಕು. ಪುಸ್ತಕದ ಚಿತ್ರ ಯಾಕೆ ಅಳತೆಗೆ ಇರುವುದಿಲ್ಲ ಅಂತ ಅವತ್ತು ಅರ್ಥ ಆಯಿತು. ಅಳತೆಗೆ ಬರೆಯಲು ಯಾವ ಕಾಗದವೂ ಸಾಲದು.

ಇನ್ನು ಬೋರ್ ಮಾದರಿ. ಪರೀಕ್ಷೆಯ ದೃಷ್ಟಿಯಿಂದ ಈ ಪಾಠದ ಹೃದಯ ಅದೇ. 1913ರಲ್ಲಿ ಬಂದದ್ದು. ಹೈಡ್ರೋಜನ್ನಿನ ಎಲೆಕ್ಟ್ರಾನ್ ಕೆಲವು ನಿಗದಿತ ಶಕ್ತಿಮಟ್ಟಗಳಲ್ಲಿ ಮಾತ್ರ ಇರುತ್ತದೆ, ನಡುವೆ ಎಲ್ಲೂ ಇರುವುದಿಲ್ಲ. ಶಕ್ತಿ ಎಷ್ಟು ಅಂದರೆ ಮೈನಸ್ 13.6 ಎಲೆಕ್ಟ್ರಾನ್ ವೋಲ್ಟನ್ನು (ಇಷ್ಟು ಸಣ್ಣ ಶಕ್ತಿ ಅಳೆಯುವ ಮಾನ ಅದು) ಮಟ್ಟದ ಸಂಖ್ಯೆಯ ವರ್ಗದಿಂದ ಭಾಗಿಸಬೇಕು. ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ತೊಡಕಾಗುತ್ತಿದ್ದದ್ದು ಆ ಮೈನಸ್. ಮೇಲಿನ ಮಟ್ಟಕ್ಕೆ ಹೋದಂತೆ ಅಂಕಿ ಸಣ್ಣದಾಗುತ್ತದೆ, ಶಕ್ತಿ ಮಾತ್ರ ಜಾಸ್ತಿಯಾಗುತ್ತದೆ ಅಂತಾರೆ. ಅದು ಹೇಗೆ?

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಗ್ರಾಫ್ ಹಾಳೆ ತಗೊಂಡು ಜಗಲಿ ಮೇಲೆ ಕೂತೆ. ಒಂದು ಎಲೆಕ್ಟ್ರಾನ್ ವೋಲ್ಟಿಗೆ ಒಂದು ಸೆಂಟಿಮೀಟರ್ ಅಂತ ಲೆಕ್ಕ ಇಟ್ಟುಕೊಂಡೆ. ಮೇಲೆ ಸೊನ್ನೆಯ ಗೆರೆ. ಅಲ್ಲಿಂದ 13.6 ಸೆಂಟಿಮೀಟರ್ ಕೆಳಗೆ ಮೊದಲನೇ ಮಟ್ಟ. ಎರಡನೆಯದು ಸೊನ್ನೆಯಿಂದ 3.4 ಸೆಂಟಿಮೀಟರ್ ಕೆಳಗೆ. ಮೂರನೆಯದು 1.5. ನಾಲ್ಕನೆಯದು 8.5 ಮಿಲಿಮೀಟರ್. ಐದನೆಯದು ಐದೂವರೆ ಮಿಲಿಮೀಟರ್ ಹತ್ತಿರ. ಆರು, ಏಳಕ್ಕೆ ಬರುವಷ್ಟರಲ್ಲಿ ಪೆನ್ಸಿಲಿನ ಗೆರೆಗಳೇ ಒಂದಕ್ಕೊಂದು ಅಂಟಿಕೊಂಡವು.

ತಾತ ಪಕ್ಕದಲ್ಲೇ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಹಾಳೆಯ ಕಡೆ ಬಗ್ಗಿ ನೋಡಿ, "ಏನಮ್ಮಾ ಇದು, ಶಾಫ್ಟ್ ನಕ್ಷೆ ಇದ್ದಂಗೈತೆ?" ಅಂದರು.

"ಶಾಫ್ಟ್ ಅಲ್ಲ ತಾತ, ಪರಮಾಣು. ಈ ಗೆರೆಗಳ ಮೇಲೆ ಮಾತ್ರ ಎಲೆಕ್ಟ್ರಾನ್ ನಿಲ್ಲುತ್ತೆ, ಮಧ್ಯದಲ್ಲಿ ನಿಲ್ಲಲ್ಲ."

"ಕೇಜೂ ಅಷ್ಟೇ ಕಣಮ್ಮ. ಲೆವೆಲ್ ಬಂದ್ರೆ ನಿಲ್ಲುತ್ತೆ, ಮಧ್ಯ ಬರೀ ಬಂಡೆ. ಅಲ್ಲಿ ಇಳ್ದು ಏನು ಮಾಡ್ತೀಯ? ಆಳನೆಲ್ಲ ಮೇಲಿಂದ್ಲೇ ಲೆಕ್ಕ ಹಾಕೋದು, ನೆಲ ಸೊನ್ನೆ. ಎಷ್ಟು ಕೆಳಗಿದ್ರೆ ಮೇಲೆ ಎತ್ತೋಕೆ ಅಷ್ಟು ಜೋರು ಬೇಕು."

ಶಾಫ್ಟ್ ಅಂದರೆ ಗಣಿಗೆ ಇಳಿಯುವ ನೇರ ಬಾವಿ, ಕೇಜ್ ಅಂದರೆ ಅದರಲ್ಲಿ ಓಡುವ ಲಿಫ್ಟ್. ನನಗೆ ಬೇಕಾಗಿದ್ದದ್ದು ತಾತನ ಈ ಮಾತೇ. ನೆಲ ಅಂದರೆ ಪರಮಾಣುವಿನಿಂದ ಪೂರ್ತಿ ಬಿಡಿಸಿಕೊಂಡು ಆಚೆ ಬಂದ ಎಲೆಕ್ಟ್ರಾನ್. ಅದರ ಶಕ್ತಿ ಸೊನ್ನೆ. ಪರಮಾಣುವಿನ ಒಳಗೆ ಸಿಕ್ಕಿಕೊಂಡಿರುವುದೆಲ್ಲ ಸೊನ್ನೆಗಿಂತ ಕೆಳಗೆ. ಅದಕ್ಕೇ ಮೈನಸ್. ಮೊದಲನೇ ಮಟ್ಟ ಎಲ್ಲಕ್ಕಿಂತ ಆಳದಲ್ಲಿದೆ, ಅಲ್ಲಿಂದ ಎಲೆಕ್ಟ್ರಾನನ್ನು ಹೊರಗೆ ತರಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಅದೇ ಹೈಡ್ರೋಜನ್ನಿನ ಅಯಾನೀಕರಣ ಶಕ್ತಿ. ಒಂದು ವ್ಯತ್ಯಾಸ ಮಾತ್ರ ನೆನಪಿಡಬೇಕು: ಗಣಿಯಲ್ಲಿ ಲೆವೆಲ್‌ಗಳು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಇರುತ್ತವಂತೆ. ಪರಮಾಣುವಿನಲ್ಲಿ ಹಾಗಲ್ಲ. ಕೆಳಗಿನ ಅಂತರ ತುಂಬ ದೊಡ್ಡದು, ಮೇಲೆ ಹೋದಂತೆ ಒತ್ತೊತ್ತಾಗಿ ಬರುತ್ತವೆ.

ಅವತ್ತು ತಾತ ಇನ್ನೂ ಒಂದು ಮಾತು ಹೇಳಿದರು. ಗಣಿಯ ಆಳದಲ್ಲಿ ಬಾಂಬೆ ಕಡೆಯ ವಿಜ್ಞಾನಿಗಳು ಏನೋ ಪ್ರಯೋಗ ನಡೆಸುತ್ತಿದ್ದರು ಅಂತ. ಆಮೇಲೆ ಮೇಡಂ ಅದರ ಬಗ್ಗೆ ಬಿಡಿಸಿ ಹೇಳಿದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಉಪಕರಣ ಇಟ್ಟಿದ್ದರು. ಆಕಾಶದಿಂದ ಬರುವ ಬೇರೆ ಕಣಗಳಲ್ಲಿ ಬಹುಪಾಲನ್ನು ಮೇಲಿನ ಬಂಡೆಯೇ ತಡೆದುಬಿಡುತ್ತದೆ. ನ್ಯೂಟ್ರಿನೋ ಅನ್ನುವ, ಆವೇಶವೇ ಇಲ್ಲದ ಅತಿ ಹಗುರ ಕಣ ಸುಲಭವಾಗಿ ಅಷ್ಟು ಆಳಕ್ಕೆ ಇಳಿಯುತ್ತದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲು ಗುರುತಿಸಿದ ತಂಡಗಳಲ್ಲಿ ಕೆಜಿಎಫ್‌ನದೂ ಒಂದು. 1980ರ ದಶಕದಲ್ಲಿ ಪ್ರೋಟಾನ್ ತಾನಾಗಿಯೇ ಒಡೆಯುತ್ತದೆಯೇ ಅಂತಲೂ ಅಲ್ಲೇ ಹುಡುಕಿದರು. ಇದು ಸಿಇಟಿಗೆ ಬರುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ಪರಮಾಣು ಅಂದರೆ ಎಲ್ಲೋ ಇಂಗ್ಲೆಂಡು, ಜರ್ಮನಿಯ ಸಮಾಚಾರ ಅಂದುಕೊಂಡು ಓದುತ್ತೇವೆ. ಮಾರಿಕುಪ್ಪಂ ರೈಲಿನ ಕೊನೇ ಸ್ಟೇಷನ್ ಹತ್ತಿರವೇ ಅಂಥ ಕೆಲಸ ನಡೆದಿತ್ತು.

ಗ್ರಾಫ್ ಹಾಳೆಗೆ ವಾಪಸ್ ಬರುತ್ತೇನೆ. ಮಟ್ಟಗಳನ್ನು ಎಳೆದ ಮೇಲೆ ಬಾಣಗಳನ್ನು ಹಾಕಿದೆ. ಎರಡರಿಂದ ಒಂದಕ್ಕೆ ಇಳಿಯುವ ಬಾಣದ ಉದ್ದ 10.2 ಸೆಂಟಿಮೀಟರ್. ಮೂರರಿಂದ ಎರಡಕ್ಕೆ 1.89 ಸೆಂಟಿಮೀಟರ್. ನಾಲ್ಕರಿಂದ ಮೂರಕ್ಕೆ ಬರೀ 6.6 ಮಿಲಿಮೀಟರ್. ಬಾಣದ ಉದ್ದವೇ ಹೊರಬರುವ ಬೆಳಕಿನ ಶಕ್ತಿ. 1240ನ್ನು ಎಲೆಕ್ಟ್ರಾನ್ ವೋಲ್ಟಿನಿಂದ ಭಾಗಿಸಿದರೆ ತರಂಗದೂರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. 10.2ಕ್ಕೆ ಸುಮಾರು 122, ಅದು ನೇರಳಾತೀತ. 1.89ಕ್ಕೆ 656, ಕಣ್ಣಿಗೆ ಕಾಣುವ ಕೆಂಪು. 0.66ಕ್ಕೆ ಸುಮಾರು 1880, ಅದು ಅವಕೆಂಪು. ಒಂದನೇ ಮಟ್ಟಕ್ಕೆ ಇಳಿಯುವ ಲೈಮನ್ ಸರಣಿ ನೇರಳಾತೀತ, ಎರಡಕ್ಕೆ ಇಳಿಯುವ ಬಾಮರ್ ಸರಣಿ ಕಣ್ಣಿಗೆ ಕಾಣುವುದು, ಮೂರಕ್ಕೆ ಇಳಿಯುವ ಪಾಶ್ಚೆನ್ ಅವಕೆಂಪು ಅಂತ ಹಾಡಿನ ಥರ ಉರುಹೊಡೆಯುತ್ತಾರಲ್ಲ, ಅದರ ಕಾರಣ ಪೂರ್ತಿ ಆ ಒಂದು ಹಾಳೆಯಲ್ಲಿತ್ತು. ಐದನೇ ಮಟ್ಟದಿಂದ ಕೆಳಗೆ ಬರುವಾಗ ಒಟ್ಟು ಎಷ್ಟು ಗೆರೆ ಬರಬಹುದು ಅನ್ನುವ ಪ್ರಶ್ನೆಗೂ ಬಾಣಗಳನ್ನು ಎಣಿಸಿದೆ. ನಾಲ್ಕು, ಮೂರು, ಎರಡು, ಒಂದು. ಹತ್ತು. ಸೂತ್ರ ಹಾಕಿದರೂ ಹತ್ತೇ.

ಹಾಸ್ಟೆಲಿಗೆ ಬಂದು ಹೀಲಿಯಂ ಅಯಾನಿನದೂ ಬರೆದೆ. ಅದರಲ್ಲೂ ಒಂದೇ ಎಲೆಕ್ಟ್ರಾನ್ ಇರುವುದರಿಂದ ಬೋರ್ ಸೂತ್ರ ನಡೆಯುತ್ತದೆ, ಆದರೆ ನ್ಯೂಕ್ಲಿಯಸ್ಸಿನ ಆವೇಶ ಎರಡು ಆಗಿರುವುದರಿಂದ ಎಲ್ಲ ನಾಲ್ಕು ಪಟ್ಟು. ಮೊದಲನೇ ಮಟ್ಟ ಮೈನಸ್ 54.4. ಹಾಳೆಗೆ ಹಾಳೆ ಅಂಟಿಸಬೇಕಾಯಿತು. ಎರಡು ನಕ್ಷೆಗಳನ್ನೂ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ, ಸೊನ್ನೆಯ ಗೆರೆ ಒಂದೇ ಎತ್ತರಕ್ಕೆ ಬರುವ ಹಾಗೆ ಅಂಟಿಸಿದೆ. ಅವತ್ತು ರಾತ್ರಿ ನನ್ನ ರೂಮ್‌ಮೇಟ್ ಹಾಸಿಗೆ ಮೇಲೆ ಮಲಗಿಕೊಂಡೇ, "ಅಕ್ಕಾ, ಇಲ್ನೋಡಿ, ಇದರ ಎರಡನೇ ಗೆರೆ ಅದರ ಮೊದಲನೇ ಗೆರೆ ಸಮಕ್ಕೇ ಇದೆ. ನಾಲ್ಕನೇದೂ ಅದರ ಎರಡನೇದರ ಸಮ" ಅಂದಳು. ಹೀಲಿಯಂ ಅಯಾನಿನಲ್ಲಿ ನಾಲ್ಕರಿಂದ ಎರಡಕ್ಕೆ ಇಳಿದಾಗ ಬರುವ ಬೆಳಕೂ, ಹೈಡ್ರೋಜನ್ನಿನಲ್ಲಿ ಎರಡರಿಂದ ಒಂದಕ್ಕೆ ಇಳಿದಾಗ ಬರುವ ಬೆಳಕೂ ಒಂದೇ ತರಂಗದೂರದವು ಅನ್ನುವುದು ಪ್ರವೇಶ ಪರೀಕ್ಷೆಗಳ ತುಂಬ ಹಳೇ ಪ್ರಶ್ನೆ. ಅವಳಿಗೆ ಆ ಪ್ರಶ್ನೆ ಗೊತ್ತೇ ಇರಲಿಲ್ಲ. ಉತ್ತರ ಗೋಡೆ ಮೇಲೆ ಕಂಡಿತು.

ಲೆಕ್ಕದ ಬಗ್ಗೆ ಒಂದು ಮಾತು. ಇಲ್ಲಿ ಶಕ್ತಿಯನ್ನು ಮೂರು ಥರ ಕೊಡುತ್ತಾರೆ: ಒಂದು ಪರಮಾಣುವಿಗೆ ಜೂಲ್, ಎಲೆಕ್ಟ್ರಾನ್ ವೋಲ್ಟ್, ಒಂದು ಮೋಲಿಗೆ ಕಿಲೋಜೂಲ್. ಉತ್ತರದ ಆಯ್ಕೆಗಳು ಯಾವುದರಲ್ಲಿವೆ ಅಂತ ಮೊದಲು ನೋಡಬೇಕು. ಹೈಡ್ರೋಜನ್ನಿನ ಅಯಾನೀಕರಣ ಶಕ್ತಿಯನ್ನೇ ಮೂರರಲ್ಲೂ ಬರೆದು ಕಣ್ಣೆದುರು ಇಟ್ಟುಕೊಂಡಿದ್ದೆ. 2.18 × 10⁻¹⁸ ಜೂಲ್, 13.6 ಎಲೆಕ್ಟ್ರಾನ್ ವೋಲ್ಟ್, 1312 ಕಿಲೋಜೂಲ್. ಇದೊಂದು ಗೊತ್ತಿದ್ದರೆ ಉಳಿದ ಪರಿವರ್ತನೆ ಎಲ್ಲ ಅದರಿಂದಲೇ ತೆಗೆಯಬಹುದು. ಪ್ಲಾಂಕ್ ಸ್ಥಿರಾಂಕ 6.626ನ್ನು ಬೆಳಕಿನ ವೇಗದ 3ರಿಂದ ಗುಣಿಸಿದರೆ 19.88. ಅದನ್ನು 20 ಅಂತಲೇ ಇಟ್ಟುಕೊಂಡರೂ ನಾಲ್ಕು ಆಯ್ಕೆಗಳಲ್ಲಿ ಸರಿಯಾದದ್ದು ಸಿಗುತ್ತದೆ. ಕೋಚಿಂಗ್ ಸೆಂಟರ್‌ಗಳ ಶಾರ್ಟ್‌ಕಟ್ ಹಾಳೆಗಳಲ್ಲೂ ಇವೇ ಅಂಕಿ ಇರುತ್ತವೆ. ಅವು ತಪ್ಪೇನಲ್ಲ. ಆದರೆ ಮಾನ ಬರೆಯದೆ ಬರೀ ಅಂಕಿ ಕೊಡುವ ಶಾರ್ಟ್‌ಕಟ್ಟನ್ನು ನಾನು ಇವತ್ತಿಗೂ ನಂಬುವುದಿಲ್ಲ.

ಫೋಟೋಎಲೆಕ್ಟ್ರಿಕ್ ಪರಿಣಾಮ, ಅಂದರೆ ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಡುವುದು, ನನಗೆ ಬೇಗ ಹತ್ತಿತು. ಪೊಟ್ಯಾಸಿಯಂ ಮೇಲೆ ಕೆಂಪು ಬೆಳಕನ್ನು ಎಷ್ಟೇ ಜೋರಾಗಿ, ಎಷ್ಟು ಹೊತ್ತು ಬಿಟ್ಟರೂ ಎಲೆಕ್ಟ್ರಾನ್ ಹೊರಡುವುದಿಲ್ಲ. ಮಂದವಾದ ನೀಲಿ ಬೆಳಕು ಬಿದ್ದರೂ ಸಾಕು, ಹೊರಡುತ್ತವೆ. ಬೆಳಕು ಪೊಟ್ಟಣ ಪೊಟ್ಟಣವಾಗಿ ಬರುತ್ತದೆ ಅಂತ 1905ರಲ್ಲಿ ಐನ್‌ಸ್ಟೈನ್ ಹೇಳಿದ ಮೇಲೆ ಇದಕ್ಕೆ ಕಾರಣ ಸಿಕ್ಕಿತು. ಚಲಿಸುವ ವಸ್ತುವಿಗೂ ತರಂಗದೂರ ಇದೆ ಅನ್ನುವ ಡಿ ಬ್ರಾಯ್ ಸಮೀಕರಣವೂ ಸುಲಭ. 100 ಗ್ರಾಂ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋದರೆ ಅದರ ತರಂಗದೂರ 6.626 × 10⁻³⁴ ಮೀಟರ್, ಅಂದರೆ ಅಳೆಯಲು ಸಾಧ್ಯವೇ ಇಲ್ಲದ್ದು. ಪರಮಾಣುವಿನೊಳಗೆ ಓಡುವ ಎಲೆಕ್ಟ್ರಾನಿಗೆ, ಅದರ ವೇಗ ಇಟ್ಟು, ಅದೇ ಲೆಕ್ಕ ಹಾಕಿದರೆ ಪರಮಾಣುವಿನ ಅಳತೆಗೆ ಹತ್ತಿರ ಬರುತ್ತದೆ. ಅಷ್ಟು ಸಾಕು.

ಕಷ್ಟ ಶುರುವಾಗುವುದು ಅದರ ಮುಂದೆ. ಹೈಸೆನ್‌ಬರ್ಗ್, ಶ್ರೋಡಿಂಗರ್, ಆರ್ಬಿಟಲ್ (ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಹೆಚ್ಚಿರುವ ಜಾಗ). ಇಷ್ಟೊತ್ತು ಗೆರೆ ಎಳೆದು ಅಳೆದವಳಿಗೆ ಒಮ್ಮೆಲೇ "ಎಲೆಕ್ಟ್ರಾನ್ ಎಲ್ಲಿದೆ ಅಂತ ನಿಖರವಾಗಿ ಹೇಳಕ್ಕಾಗಲ್ಲ" ಅಂದರೆ? ಬೋರ್ ಮಾದರಿ ಯಾಕೆ ಸಾಲಲಿಲ್ಲ ಅನ್ನುವುದಕ್ಕೆ ಪುಸ್ತಕದಲ್ಲಿ ಕಾರಣಗಳಿವೆ. ಓದಿದರೂ ಮನಸ್ಸಿಗೆ ನಾಟಿರಲಿಲ್ಲ. ನಾಟಿದ್ದು ಒಂದು ಶೂ ಡಬ್ಬಿಯಿಂದ.

ಸಿಡಿಯಲ್ಲಿ ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡಬಹುದು ಅಂತ ಮೇಡಂ ಹೇಳಿದ್ದರು. ಯಾರದ್ದೋ ಮದುವೆಯ ಹಳೇ ಸಿಡಿ ಸಿಕ್ಕಿತು. ಶೂ ಡಬ್ಬಿಯ ಒಂದು ಕಡೆ ಕಿಂಡಿ ಕೊರೆದು, ಅದರ ಮೇಲೆ ಎರಡು ಬ್ಲೇಡುಗಳ ಅಂಚನ್ನು ಎದುರುಬದುರಾಗಿ ಅಂಟಿಸಿದೆವು, ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು. ಒಳಗೆ ಕಪ್ಪು ಕಾಗದ. ಎದುರಿನ ತುದಿಯಲ್ಲಿ ಸಿಡಿಯನ್ನು ಓರೆಯಾಗಿ ಕೂರಿಸಿ, ಮೇಲಿನಿಂದ ನೋಡಲು ಸಣ್ಣ ತೂತು. ರೂಮಿನ ಎಲ್‌ಇಡಿ ಬಲ್ಬಿನ ಕಡೆ ಹಿಡಿದರೆ ಬಣ್ಣಗಳು ಒಂದರೊಳಗೊಂದು ಬೆರೆತ ಪಟ್ಟಿ ಕಂಡಿತು. ಕಾರಿಡಾರಿನ ಹಳೇ ಟ್ಯೂಬ್‌ಲೈಟಿಗೆ ಹಿಡಿದಾಗ ಬೇರೆಯೇ. ಮಂಕಾದ ಪಟ್ಟಿಯ ನಡುವೆ ಕಡ್ಡಿ ಇಟ್ಟ ಹಾಗೆ ಚೂಪಾದ ಹಸಿರು ಗೆರೆ, ಅದರಾಚೆ ನೀಲಿ ನೇರಳೆ ಗೆರೆ. ಅದು ಟ್ಯೂಬಿನೊಳಗಿನ ಪಾದರಸದ ಆವಿಯ ಬೆಳಕು. ಹಸಿರು 546, ನೀಲಿ 436 ನ್ಯಾನೋಮೀಟರ್. ಪುಸ್ತಕದಲ್ಲಿ ಚಿತ್ರವಾಗಿ ಮಾತ್ರ ನೋಡಿದ್ದ ರೇಖಾ ರೋಹಿತ ಕಾರಿಡಾರಿನಲ್ಲೇ ಇತ್ತು! ಹುಡುಗಿಯರು ಸಾಲಾಗಿ ನಿಂತು ನೋಡಿದರು. ಸೂರ್ಯನ ಕಡೆ ಮಾತ್ರ ಹಿಡಿಯಬಾರದು ಅಂತ ಎಲ್ಲರಿಗೂ ಮೊದಲೇ ಹೇಳಿದ್ದೆ. ಕಣ್ಣಿಗೆ ಅಪಾಯ.

ಆಮೇಲೆ ಡಬ್ಬಿಯನ್ನು ಲ್ಯಾಬಿಗೆ ತಗೊಂಡು ಹೋದೆ. ಸೆಕೆಂಡ್ ಪಿಯು ಪ್ರಾಕ್ಟಿಕಲ್‌ನಲ್ಲಿ ಲವಣ ಗುರುತಿಸುವಾಗ ಜ್ವಾಲೆ ಪರೀಕ್ಷೆ ಇರುತ್ತದೆ. ವಾಚ್ ಗ್ಲಾಸಿನಲ್ಲಿ ಲವಣಕ್ಕೆ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕಲಸಿ, ತಂತಿಯ ತುದಿಯಲ್ಲಿ ತೆಗೆದು ಬರ್ನರ್ ಜ್ವಾಲೆಗೆ ಹಿಡಿಯಬೇಕು. ಬೇರಿಯಂ ಸೇಬುಹಸಿರು, ಸ್ಟ್ರಾನ್ಷಿಯಂ ಕಡುಗೆಂಪು, ಕ್ಯಾಲ್ಸಿಯಂ ಇಟ್ಟಿಗೆಗೆಂಪು. ಎಲ್ಲಿಯಾದರೂ ಒಂದು ಚೂರು ಉಪ್ಪು ಸೇರಿದರೆ ಸೋಡಿಯಂನ ಹಳದಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಅಡುಗೆ ಉಪ್ಪನ್ನೇ ಜ್ವಾಲೆಗೆ ಹಿಡಿದು ಡಬ್ಬಿಯಲ್ಲಿ ನೋಡಿದೆ. ಕತ್ತಲಲ್ಲಿ ಒಂದೇ ಒಂದು ಹಳದಿ ಗೆರೆ. 589 ನ್ಯಾನೋಮೀಟರ್. ಭಾಗಿಸಿದರೆ 2.1 ಎಲೆಕ್ಟ್ರಾನ್ ವೋಲ್ಟ್.

ಈ 2.1ನ್ನು ಬೋರ್ ಸೂತ್ರದಿಂದ ತೆಗೆಯಲು ಕೂತೆ. ಬರಲಿಲ್ಲ. ಮೇಡಂ ನಕ್ಕು, "ಬರಲ್ಲಮ್ಮ, ಅದಕ್ಕೇ ತಾನೇ ಪಾಠದ ಮುಂದಿನ ಭಾಗ?" ಅಂದರು. ಸೋಡಿಯಂನಲ್ಲಿ 11 ಎಲೆಕ್ಟ್ರಾನ್. ಮೂರನೇ ಮಟ್ಟದೊಳಗೇ ಎಸ್, ಪಿ, ಡಿ ಅಂತ ಉಪಮಟ್ಟಗಳಿವೆ. ಆ ಹಳದಿ ಬರುವುದು 3ಪಿಯಿಂದ 3ಎಸ್‌ಗೆ ಇಳಿದಾಗ. ಬೋರ್ ಪ್ರಕಾರ ಎರಡೂ ಮೂರನೇ ಮಟ್ಟ, ಶಕ್ತಿಯೂ ಒಂದೇ ಆಗಬೇಕು. ಹೈಡ್ರೋಜನ್ನಿನಲ್ಲಿ ಹಾಗೇ ಇರುತ್ತದೆ. ಜಾಸ್ತಿ ಎಲೆಕ್ಟ್ರಾನ್ ಇರುವ ಕಡೆ, 3ಎಸ್ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಹತ್ತಿರ ಹೆಚ್ಚು ಸುಳಿಯುವುದರಿಂದ ಅದರ ಶಕ್ತಿ ಕೆಳಗಿಳಿಯುತ್ತದೆ. ಇನ್ನೂ ಸೂಕ್ಷ್ಮ ಉಪಕರಣದಲ್ಲಿ ನೋಡಿದರೆ ಆ ಹಳದಿ ಗೆರೆಯೇ ಎರಡಾಗಿ ಕಾಣುತ್ತದೆ, 589.0 ಮತ್ತು 589.6. ಅದಕ್ಕೆ ಎಲೆಕ್ಟ್ರಾನಿನ ಸ್ಪಿನ್ ಕಾರಣ. ನನ್ನ ಡಬ್ಬಿಗೆ ಅಷ್ಟು ಸೂಕ್ಷ್ಮ ಇರಲಿಲ್ಲ. ಆದರೆ ಒಂದು ಸಂಖ್ಯೆ ಸಾಲದೆ ನಾಲ್ಕು ಕ್ವಾಂಟಂ ಸಂಖ್ಯೆ ಯಾಕೆ ಬೇಕಾದವು ಅಂತ ಉಪ್ಪಿನ ಜ್ವಾಲೆಯ ಎದುರು ನಿಂತು ತಿಳಿದುಕೊಂಡೆ.

ಅದಾದ ಮೇಲೆ ಉಳಿದದ್ದು ಬೇಗ ಸಾಗಿತು. ಮೂರನೇ ಮಟ್ಟದಲ್ಲಿ ಎರಡನೇ ಕ್ವಾಂಟಂ ಸಂಖ್ಯೆ 0, 1, 2 (ಕ್ರಮವಾಗಿ ಎಸ್, ಪಿ, ಡಿ) ಮಾತ್ರ ಆಗಬಹುದು, 3 ಆಗುವಂತಿಲ್ಲ. "ಈ ಕೆಳಗಿನವುಗಳಲ್ಲಿ ಯಾವುದು ಸಾಧ್ಯವಿಲ್ಲ" ಅನ್ನುವ ಪ್ರಶ್ನೆಗಳಲ್ಲಿ ಮೊದಲು ಇದನ್ನು ನೋಡಿದರೆ ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತವೆ. ನೋಡ್‌ಗಳಿಗೂ ಇದೇ ಸಂಖ್ಯೆ ಸಾಕು; ನೋಡ್ ಅಂದರೆ ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಸೊನ್ನೆ ಇರುವ ಜಾಗ. ಎರಡನೇ ಕ್ವಾಂಟಂ ಸಂಖ್ಯೆ ಎಷ್ಟೋ ಅಷ್ಟು ಕೋನೀಯ ನೋಡ್‌ಗಳು. ಒಟ್ಟು ನೋಡ್‌ಗಳು ಮೊದಲನೇ ಸಂಖ್ಯೆಗಿಂತ ಒಂದು ಕಮ್ಮಿ. 4ಡಿಗೆ ಒಟ್ಟು ಮೂರು, ಅದರಲ್ಲಿ ಕೋನೀಯ ಎರಡು, ಉಳಿದ ಒಂದು ತ್ರಿಜ್ಯೀಯ.

ಎಲೆಕ್ಟ್ರಾನ್ ವಿನ್ಯಾಸವನ್ನು ಮೂವತ್ತನೇ ಧಾತುವಿನವರೆಗೆ ದಿನಾ ರಾತ್ರಿ ಊಟಕ್ಕೆ ಮೊದಲು ರೂಮ್‌ಮೇಟ್ ಜೊತೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆವು. ಮೊದಲ ಎರಡು ಕ್ವಾಂಟಂ ಸಂಖ್ಯೆಗಳನ್ನು ಕೂಡಿಸಿದಾಗ ಯಾವುದಕ್ಕೆ ಕಮ್ಮಿ ಬರುತ್ತದೋ ಅದು ಮೊದಲು ತುಂಬುತ್ತದೆ. 4ಎಸ್‌ಗೆ ನಾಲ್ಕು ಕೂಡಿಸು ಸೊನ್ನೆ, ನಾಲ್ಕು. 3ಡಿಗೆ ಮೂರು ಕೂಡಿಸು ಎರಡು, ಐದು. ಅದಕ್ಕೇ 4ಎಸ್ ಮೊದಲು ತುಂಬುತ್ತದೆ. ಕ್ರೋಮಿಯಂ ಮತ್ತು ತಾಮ್ರ ಈ ಸಾಲು ತಪ್ಪಿಸುತ್ತವೆ: ಒಂದರಲ್ಲಿ ಡಿ ಅರ್ಧ ತುಂಬಿ 3ಡಿ⁵ 4ಎಸ್¹, ಇನ್ನೊಂದರಲ್ಲಿ ಪೂರ್ತಿ ತುಂಬಿ 3ಡಿ¹⁰ 4ಎಸ್¹. ಆದರೆ ಜಾಸ್ತಿ ಅಂಕ ಕಳೆಯುವ ಜಾಗ ಅಯಾನುಗಳದು. ತುಂಬುವಾಗ 4ಎಸ್ ಮೊದಲು ಅಂದರೆ ಖಾಲಿಯಾಗುವಾಗ 3ಡಿ ಮೊದಲು ಇರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಹೊರಗಿನ 4ಎಸ್ ಎಲೆಕ್ಟ್ರಾನುಗಳೇ ಮೊದಲು ಹೋಗುತ್ತವೆ. ಕಬ್ಬಿಣ 26. ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ 3ಡಿ⁶. ಐದು ಮನೆಗಳಲ್ಲಿ ಆರು ಎಲೆಕ್ಟ್ರಾನ್ ಕೂರಿಸಿದರೆ ಹುಂಡ್ ನಿಯಮದ ಪ್ರಕಾರ (ಮೊದಲು ಮನೆಗೊಂದು, ಆಮೇಲೆ ಜೋಡಿ) ಜೋಡಿಯಾಗದವು ನಾಲ್ಕು. ಮೂರು ಕಳೆದುಕೊಂಡರೆ 3ಡಿ⁵, ಜೋಡಿಯಾಗದವು ಐದು. ಇದನ್ನು ಬಾಣದ ಗುರುತು ಹಾಕಿ ಬರೆದೇ ನೋಡಬೇಕು. ಮನಸ್ಸಲ್ಲೇ ಮಾಡಲು ಹೋಗಬಾರದು.

ಪರೀಕ್ಷೆಯ ದಿನದ ಬಗ್ಗೆ ಹೇಳುವುದಕ್ಕೆ ಜಾಸ್ತಿ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಲಿಲ್ಲ. ಈ ಪಾಠದ ಪ್ರಶ್ನೆಗಳು ಬೇಗ ಮುಗಿದವು. ಉಳಿಸಿದ ಸಮಯ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಹೋಯಿತು. ರೈತ ಕೋಟಾಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು, ಅದರ ಕಥೆಯೇ ಬೇರೆ. ಸೀಟು ಸಿಕ್ಕಿತು. ಈಗ ಬಿಎಸ್ಸಿ ತೋಟಗಾರಿಕೆ ಓದುತ್ತಿದ್ದೇನೆ.

ಮೊನ್ನೆ ಮಣ್ಣು ಪರೀಕ್ಷೆಯ ಪ್ರಾಕ್ಟಿಕಲ್ ಇತ್ತು. ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಪೊಟ್ಯಾಷ್ ಎಷ್ಟಿದೆ ಅಂತ ನೋಡಲು ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಮಣ್ಣನ್ನು ಕುಲುಕಿ, ಸೋಸಿ, ಆ ನೀರನ್ನು ಫ್ಲೇಮ್ ಫೋಟೋಮೀಟರ್ ಅನ್ನುವ ಯಂತ್ರಕ್ಕೆ ಕೊಡಬೇಕು. ಯಂತ್ರ ಅದನ್ನು ಜ್ವಾಲೆಗೆ ಸಿಂಪಡಿಸುತ್ತದೆ. ಪೊಟ್ಯಾಸಿಯಂನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹತ್ತಿ ವಾಪಸ್ ಇಳಿಯುವಾಗ 767 ನ್ಯಾನೋಮೀಟರ್ ಹತ್ತಿರದ ಬೆಳಕು ಬರುತ್ತದೆ. ಆ ಬೆಳಕು ಎಷ್ಟಿದೆ ಅನ್ನುವುದರ ಮೇಲೆ ಮಣ್ಣಿನಲ್ಲಿರುವ ಪೊಟ್ಯಾಷ್ ಲೆಕ್ಕ. ನಾನು ಒಯ್ದಿದ್ದ ಮಣ್ಣು ನಮ್ಮ ಟೊಮೆಟೊ ಹೊಲದ್ದು. ಅಂಕಿ ಮಧ್ಯಮ ಅಂತ ಬಂತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹಂಗಾದ್ರೆ ಈ ಸಲ ಎಷ್ಟು ಹಾಕ್ಬೇಕು ಅಂತ ನೀನೇ ಲೆಕ್ಕ ಹಾಕಿ ಹೇಳಮ್ಮ" ಅಂದರು.